ಗಣಕಯಂತ್ರದ ಬೀಸಣಿಗೆಯೂ ಅದರ ಸದ್ದೂ

ನಡುರಾತ್ರಿ ಕಳೆದು ನಂತೂರು ವೃತ್ತದಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ವಾಹನಗಳ ಗದ್ದಲ ತಗ್ಗಿದ ಮೇಲೆ, ಓದುವ ಕೋಣೆಯಲ್ಲಿ ಇನ್ನೊಂದು ಸದ್ದು ನಮ್ಮ ಕಿವಿಗೆ ಬೀಳತೊಡಗುತ್ತದೆ. ಅದು ಗಣಕಯಂತ್ರದ ಪೆಟ್ಟಿಗೆಯಲ್ಲಿರುವ ಬೀಸಣಿಗೆಯ ಮೊರೆತ. ವೇಗವನ್ನು ಕಡಮೆ ಮಾಡುವುದೇ ಇದಕ್ಕೆ ಸುಲಭೋಪಾಯ. ಆದರೆ ಎಷ್ಟು ಕಡಮೆ ಮಾಡಬಹುದು? ನಾವು ವಿಚಾರಿಸಿ ನೋಡೋಣ.

ಅಲಗುಗಳು ಗಾಳಿಯನ್ನು ಸೀಳುವಾಗ ಹುಟ್ಟುವ ಸುಳಿಗಳೇ ಸದ್ದಿಗೆ ಮುಖ್ಯ ಕಾರಣ. ಹೊರಹೊಮ್ಮುವ ಧ್ವನಿಶಕ್ತಿಯು ಸುಮಾರಾಗಿ ವೇಗದ ಐದನೆಯ ಘಾತವನ್ನು ಅನುಸರಿಸುತ್ತದೆ. ನಿಮಿಷಕ್ಕೆ 1,200 ಸುತ್ತು ತಿರುಗುವುದನ್ನು 600ಕ್ಕೆ ಇಳಿಸಿದರೆ ಧ್ವನಿಶಕ್ತಿ 32ರಲ್ಲಿ ಒಂದು ಪಾಲಾಗುತ್ತದೆ; ಅಂದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಗಾಳಿಯ ಹರಿವಾದರೋ ವೇಗಕ್ಕೆ ನೇರ ಅನುಪಾತದಲ್ಲಿರುವುದರಿಂದ ಅರ್ಧಕ್ಕೆ ಮಾತ್ರ ಇಳಿಯುತ್ತದೆ.

ಈ ಅರ್ಧವನ್ನೂ ನಾವು ಉಪೇಕ್ಷಿಸುವಂತಿಲ್ಲ. ಪೆಟ್ಟಿಗೆಯಲ್ಲಿ ಹುಟ್ಟುವ ಉಷ್ಣ ಅಷ್ಟೇ ಇದ್ದು ಗಾಳಿ ಅರ್ಧವಾದರೆ, ಹಾದುಹೋಗುವ ಗಾಳಿಯ ಉಷ್ಣತೆಯ ಏರಿಕೆ ಇಮ್ಮಡಿಯಾಗುತ್ತದೆ. ಮಂಗಳೂರಿನ ಬೇಸಿಗೆಯಲ್ಲಿ ಕೋಣೆಯ ಗಾಳಿ 33 ಡಿಗ್ರಿ ಸೆಲ್ಸಿಯಸ್ ಇದೆಯೆನ್ನೋಣ. ಹೊರಬರುವಾಗ 39 ಡಿಗ್ರಿಯಿದ್ದದ್ದು ಈಗ 45 ಆಗುವುದು. ಪ್ರೊಸೆಸರ್ ಮಿತಿಮೀರಿ ಬಿಸಿಯಾದರೆ ಆತ್ಮರಕ್ಷಣೆಗಾಗಿ ತನ್ನ ಕೆಲಸವನ್ನೇ ನಿಧಾನಗೊಳಿಸುತ್ತದೆ. ಡಿಸೆಂಬರಿನ ರಾತ್ರಿಗೆ ಸಾಕಾದ ವೇಗ ಏಪ್ರಿಲಿನ ಮಧ್ಯಾಹ್ನಕ್ಕೆ ಸಾಲದಿರಬಹುದು.

ಇದಕ್ಕೊಂದು ಪರಿಹಾರವುಂಟು. ಒಂದೇ ಆಕಾರದ ಬೀಸಣಿಗೆಗಳಲ್ಲಿ ಗಾಳಿಯ ಹರಿವು ವ್ಯಾಸದ ಘನವನ್ನು ಅನುಸರಿಸುತ್ತದೆ. 80 ಮಿಲಿಮೀಟರಿನದರ ಬದಲು 120 ಮಿಲಿಮೀಟರಿನದನ್ನು ಜೋಡಿಸಿದರೆ, ದಾರಿಯಲ್ಲಿ ತಡೆಯಿಲ್ಲದಿದ್ದಲ್ಲಿ, ಮೂರನೆಯ ಒಂದಕ್ಕಿಂತ ಕಡಮೆ ವೇಗದಲ್ಲಿಯೇ ಅಷ್ಟು ಗಾಳಿ ದೊರೆಯುತ್ತದೆ. ಬೀಸಣಿಗೆ ಯಾವುದೇ ಇರಲಿ, ಮೊದಲು ಧೂಳನ್ನು ತೆಗೆದು, ಬಳಿಕ ವೇಗವನ್ನು ಸ್ವಲ್ಪಸ್ವಲ್ಪವಾಗಿ ಇಳಿಸುತ್ತ, ಪ್ರತಿ ಸಲವೂ ಪ್ರೊಸೆಸರಿನ ಉಷ್ಣತೆಯನ್ನು ಗುರುತು ಹಾಕಿಕೊಳ್ಳುವುದು ಲೇಸು.