ನಿಮಗಿದು ಗೊತ್ತೆ? ಗಿಡ್ಡ ಕಾಲಿನ ಸಾಲ ತೀರಿಸುವುದು ಬೆನ್ನು!
ಬಿಲಕ್ಕೆ ನುಗ್ಗಿ ಬ್ಯಾಜರ್ ಬೇಟೆಯಾಡಲೆಂದು ಜರ್ಮನಿಯಲ್ಲಿ ಬೆಳೆಸಿದ ನಾಯಿ ತಳಿ ಡ್ಯಾಶುಂಡ್. ಅದರ ಕಾಲನ್ನು ಗಿಡ್ಡವಾಗಿಸುವ ಜೀನ್‌ಗಳಲ್ಲೊಂದು ಬೆನ್ನುಮೂಳೆಯ ಡಿಸ್ಕ್‌ಗಳನ್ನೂ ಕೆಡಿಸುತ್ತದೆಂಬುದು 2017ರಲ್ಲಿ ಬಯಲಾಯಿತು. ಮೆತ್ತಗಿರಬೇಕಾದ ಡಿಸ್ಕ್ ಮರಿಗೆ ವರ್ಷ ತುಂಬುವಷ್ಟರಲ್ಲೇ ಗಟ್ಟಿಯಾಗತೊಡಗುತ್ತದೆ. ಮುಂದೆಂದೋ ನಾಯಿ ಸೋಫಾದಿಂದ ಜಿಗಿದಾಗ ಆ ಡಿಸ್ಕ್ ಜಾರಿ ನರಹುರಿಯನ್ನು ಒತ್ತಬಹುದು. ಬೆನ್ನು ಕಮಾನಾಗುವುದು, ಎತ್ತಿಕೊಂಡರೆ ಕುಂಯ್‌ಗುಟ್ಟುವುದು, ನಡೆಯುವಾಗ ಹಿಂಗಾಲಿನ ಉಗುರು ನೆಲಕ್ಕೆ ಕೆರೆಯುವುದು ಮೊದಮೊದಲ ಸೂಚನೆಗಳು. ಬರೀ ನೋವಿದ್ದರೆ, ವೈದ್ಯರು ಕೊಟ್ಟ ಔಷಧಿಯೊಂದಿಗೆ ಕೆಲವು ವಾರ ಗೂಡಿನಲ್ಲೇ ವಿಶ್ರಾಂತಿ ಕೊಟ್ಟರೆ ಹಲವು ನಾಯಿಗಳು ಚೇತರಿಸಿಕೊಳ್ಳುತ್ತವೆ (ಎರಡೇ ದಿನಕ್ಕೆ ಬಾಲ ಅಲ್ಲಾಡಿಸಿತೆಂದು ಹೊರಗೆ ಬಿಟ್ಟಿರೋ, ಕೆಟ್ಟಿತು!). ಹಿಂಗಾಲಿನ ಸ್ವಾಧೀನವೇ ತಪ್ಪಿದರೆ ನಾಳೆಗೆ ಕಾಯದೆ ಪಶುವೈದ್ಯರ ಬಳಿ ಓಡಿ. ಮನೆಯಲ್ಲಿದೆಯೆಂದು ಐಬುಪ್ರೊಫೆನ್ ಮಾತ್ರೆ ನುಂಗಿಸಬೇಡಿ. ನಾಯಿಗೆ ಅದು ವಿಷ.