ಸಂಘದ ಅನುದಾನ: ನಂಬಿಕೆ ಒಂದು, ನಿಯಮ ಇನ್ನೊಂದು

‘ಶಾಸಕರ ಪತ್ರ ಇಲ್ಲದಿದ್ದರೆ ಅನುದಾನದ ಆಸೆ ಬಿಟ್ಟುಬಿಡಿ’ ಎನ್ನುವ ಮಾತು ಹಳ್ಳಿಯ ಯುವಕ ಸಂಘದಲ್ಲೂ ಕೇಳುತ್ತದೆ, ಬೆಂಗಳೂರಿನ ಬಡಾವಣೆಯ ಕನ್ನಡ ಸಂಘದಲ್ಲೂ ಕೇಳುತ್ತದೆ. ವಶೀಲಿ ಎಲ್ಲೂ ನಡೆಯುವುದಿಲ್ಲ ಎಂದು ವಾದಿಸುವಷ್ಟು ಮುಗ್ಧ ನಾನಲ್ಲ. ಆದರೆ ವಶೀಲಿಯ ಮಾತು ಬರುವುದಕ್ಕೂ ಮೊದಲೇ ಅರ್ಜಿ ಬಿದ್ದುಹೋಗುವ ಜಾಗ ಬೇರೆ ಇದೆ: ಕಾಗದಪತ್ರ.

ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರದ್ದು. ಏಳು ಮಂದಿ ಸೇರಿದರೆ ಸಂಘವಾಗುತ್ತದೆ. ನೋಂದಣಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಕೆಲಸ ಮುಗಿಯಿತು ಎಂದುಕೊಂಡವರೇ ಹೆಚ್ಚು. ಮುಗಿಯುವುದಿಲ್ಲ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸಿ, ಕಾರ್ಯಕಾರಿ ಸಮಿತಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದನ್ನು ವರ್ಷಗಟ್ಟಲೆ ಬಿಟ್ಟ ಸಂಘದ ಅರ್ಜಿಯನ್ನು ಮುಂದೆ ತಳ್ಳಲು ಯಾವ ಶಾಸಕರ ಪತ್ರಕ್ಕೂ ಸುಲಭವಿಲ್ಲ. ಇನ್ನು ಸಂಘದ ನೋಂದಣಿ ಬೇರೆ, ಆದಾಯ ತೆರಿಗೆಯ ನೋಂದಣಿ ಬೇರೆ. ಜನ ಇಂದಿಗೂ 12ಎ, 80ಜಿ ಎಂದೇ ಕರೆಯುವ ಈ ಎರಡನ್ನು ಒಮ್ಮೆ ಪಡೆದರೆ ಶಾಶ್ವತ ಎಂಬ ಹಳೆಯ ನಂಬಿಕೆ 2021ರಲ್ಲೇ ಸುಳ್ಳಾಯಿತು. ಹೊಸ ಸಂಸ್ಥೆಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಆಮೇಲೂ ಅವಧಿ ಮುಗಿದಾಗಲೆಲ್ಲ ನವೀಕರಿಸಬೇಕು.

ಅತಿ ಹೆಚ್ಚು ತಪ್ಪು ಕಲ್ಪನೆಗಳು ಬೆಳೆದಿರುವುದು ಸಿಎಸ್ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣದ ಸುತ್ತ. ‘ಫ್ಯಾಕ್ಟರಿ ಇದೆ, ಅವರು ಎರಡು ಪರ್ಸೆಂಟ್ ಕೊಡಲೇಬೇಕು’ ಎಂದು ಸಂಘದವರು ಹಕ್ಕಿನ ದನಿಯಲ್ಲಿ ಹೋಗುತ್ತಾರೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಎಲ್ಲ ಕಂಪನಿಗಳಿಗೂ ಅನ್ವಯಿಸುವುದಿಲ್ಲ. ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ, ನಿವ್ವಳ ಲಾಭ 5 ಕೋಟಿ ರೂಪಾಯಿ: ಹಿಂದಿನ ಹಣಕಾಸು ವರ್ಷದಲ್ಲಿ ಇವುಗಳಲ್ಲಿ ಒಂದಾದರೂ ಮಟ್ಟ ಮುಟ್ಟಿರಬೇಕು. ಹಾಗೆ ಮುಟ್ಟಿದ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು. ತನ್ನ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಕಾಯ್ದೆ ಹೇಳುವುದು ನಿಜ. ಇಂಥದೇ ಸಂಘಕ್ಕೆ ಕೊಡಬೇಕು ಎಂದು ಮಾತ್ರ ಎಲ್ಲೂ ಹೇಳಿಲ್ಲ.

ನವೆಂಬರ್ ಬಂತೆಂದರೆ ಇನ್ನೊಂದು ನಿರೀಕ್ಷೆ. ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ, ಸನ್ಮಾನ ಸಮಾರಂಭಕ್ಕೆ ಸಿಎಸ್ಆರ್ ಹಣ ಕೇಳುವುದು. ಮ್ಯಾರಥಾನ್, ಪ್ರಶಸ್ತಿ ಪ್ರದಾನ, ಜಾಹೀರಾತಿನಂಥ ಒಂದು ದಿನದ ಕಾರ್ಯಕ್ರಮಗಳು ಸಿಎಸ್ಆರ್ ಆಗುವುದಿಲ್ಲ ಎಂದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸುತ್ತೋಲೆ ಹೊರಡಿಸಿದೆ. ಕಂಪನಿ ಬೇಕಿದ್ದರೆ ಪ್ರಚಾರದ ಲೆಕ್ಕದಲ್ಲಿ ಕೊಡಬಹುದು, ಅದು ಬೇರೆ ಮಾತು. ಅದೇ ಸಂಘ ಊರಿಗೊಂದು ಸಾರ್ವಜನಿಕ ಗ್ರಂಥಾಲಯ ಮಾಡುತ್ತೇವೆ, ಸಾಂಪ್ರದಾಯಿಕ ಕಲೆಯನ್ನು ಮಕ್ಕಳಿಗೆ ವರ್ಷವಿಡೀ ಕಲಿಸುತ್ತೇವೆ ಎಂದು ಹೋದರೆ ಬಾಗಿಲು ತೆರೆದಿದೆ. ಕಾಯ್ದೆಯ ಏಳನೇ ಷೆಡ್ಯೂಲ್‌ನಲ್ಲಿ ಶಿಕ್ಷಣ, ಆರೋಗ್ಯ, ಪರಿಸರದ ಜೊತೆಗೆ ಗ್ರಂಥಾಲಯವೂ ಇದೆ, ಸಾಂಪ್ರದಾಯಿಕ ಕಲೆಯೂ ಇದೆ, ಗ್ರಾಮೀಣ ಕ್ರೀಡೆಯೂ ಇದೆ. ಕನ್ನಡದ ಕೆಲಸಕ್ಕೆ ಹಣವಿಲ್ಲ ಎಂದು ಕೊರಗುವವರು ಆ ಪಟ್ಟಿಯನ್ನು ಒಮ್ಮೆ ಓದಬೇಕು.

ಅಲ್ಲೂ ಒಂದು ತೊಡಕಿದೆ. ಕಂಪನಿಯೇ ಕಟ್ಟಿದ್ದಲ್ಲದ ಹೊರಗಿನ ಸಂಸ್ಥೆಯಾದರೆ ಅಂಥದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವ ತೋರಿಸಬೇಕು. ಸಿಎಸ್ಆರ್-1 ಎಂಬ ನಮೂನೆ ಸಲ್ಲಿಸಿ ನೋಂದಣಿ ಸಂಖ್ಯೆ ಪಡೆದಿರಬೇಕು. ‘ನಮ್ಮದು ನಲವತ್ತು ವರ್ಷದ ಸಂಘ’ ಎಂಬ ಹೆಮ್ಮೆ ಇಲ್ಲಿ ನಡೆಯದು. ನಲವತ್ತು ವರ್ಷ ಗಣೇಶೋತ್ಸವ ಮಾಡಿದವರಿಗಿಂತ ಮೂರು ವರ್ಷ ಸಂಜೆ ಶಾಲೆ ನಡೆಸಿ ಹಾಜರಿ ಪುಸ್ತಕ ಇಟ್ಟವರ ಅರ್ಜಿಯೇ ಗಟ್ಟಿ.

ವಿದೇಶದ ಹಣದ ವಿಷಯದಲ್ಲಂತೂ ಎರಡೂ ಕಡೆಯ ತಪ್ಪುಗಳಿವೆ. ‘ಹೊರದೇಶದಿಂದ ಒಂದು ಪೈಸೆ ಬಂದರೂ ಎಫ್‌ಸಿಆರ್‌ಎ ಬೇಕು’ ಎಂದು ಹೆದರುವವರು ಒಂದು ಕಡೆ, ‘ನಮ್ಮೂರ ಹುಡುಗ ತಾನೇ, ಅಮೆರಿಕದಿಂದ ಕಳಿಸಿದರೇನಂತೆ’ ಎನ್ನುವವರು ಇನ್ನೊಂದು ಕಡೆ. ಕಾನೂನು ನೋಡುವುದು ಹಣ ಬಂದ ದೇಶವನ್ನಲ್ಲ, ಕೊಟ್ಟವರ ಪೌರತ್ವವನ್ನು. ದುಬೈನಲ್ಲಿ ದುಡಿಯುವ, ಭಾರತದ ಪಾಸ್‌ಪೋರ್ಟ್ ಇರುವ ಮಂಗಳೂರಿನವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡುವ ದೇಣಿಗೆ ವಿದೇಶಿ ವಂತಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಹಾಸನದವರು ಕೊಟ್ಟರೆ ಅದು ವಿದೇಶಿ ವಂತಿಗೆ; ಒಸಿಐ ಕಾರ್ಡ್ ಇದ್ದರೂ ಅಷ್ಟೇ, ರಜೆಗೆ ಊರಿಗೆ ಬಂದು ರೂಪಾಯಿಯಲ್ಲೇ ಕೊಟ್ಟರೂ ಅಷ್ಟೇ. ಅದನ್ನು ಪಡೆಯಲು ಎಫ್‌ಸಿಆರ್‌ಎ, ಅಂದರೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಬೇಕು. ಅದಕ್ಕೆ ಮೂರು ವರ್ಷದ ಅಸ್ತಿತ್ವ ಇರಬೇಕು, ಆ ಅವಧಿಯಲ್ಲಿ ಮೂಲ ಉದ್ದೇಶಗಳಿಗೆ 15 ಲಕ್ಷ ರೂಪಾಯಿ ಖರ್ಚಾಗಿರಬೇಕು. 2020ರ ತಿದ್ದುಪಡಿಯಾದ ಮೇಲೆ ಹಣ ಮೊದಲು ಬಂದು ಸೇರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ದೊಡ್ಡ ಸಂಸ್ಥೆಯೊಂದು ಪಡೆದು ಸಣ್ಣ ಸಂಘಕ್ಕೆ ದಾಟಿಸುತ್ತಿದ್ದ ಹಳೆಯ ದಾರಿಯನ್ನೂ ಆ ತಿದ್ದುಪಡಿ ಮುಚ್ಚಿತು. ಹಳ್ಳಿಯ ಸಂಘಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ ಎಂಬುದು ನನ್ನ ಅಭಿಪ್ರಾಯ.

ಲಾಭರಹಿತ ಸಂಸ್ಥೆ ಸಂಬಳ ಕೊಡಬಾರದು, ವರ್ಷದ ಕೊನೆಗೆ ಖಾತೆ ಖಾಲಿಯಾಗಿರಬೇಕು ಎಂಬುದೂ ಸುಳ್ಳು. ದುಡಿದವರಿಗೆ ನ್ಯಾಯವಾದ ಸಂಬಳ ಕೊಡಬಹುದು. ಉಳಿಕೆಯನ್ನು ಪದಾಧಿಕಾರಿಗಳು ಹಂಚಿಕೊಳ್ಳುವಂತಿಲ್ಲ, ಅಷ್ಟೆ. ತೆರಿಗೆ ವಿನಾಯಿತಿಯ ನಿಯಮ ಕೂಡ ವರ್ಷದ ಆದಾಯದ ಶೇ 85ರಷ್ಟನ್ನು ಉದ್ದೇಶಕ್ಕೆ ಬಳಸಿ ಎನ್ನುತ್ತದೆ, ಉಳಿದ ಶೇ 15ನ್ನು ಇಟ್ಟುಕೊಳ್ಳಲು ಬಿಡುತ್ತದೆ. ಆದರೆ ಸರ್ಕಾರದ ನಿರ್ದಿಷ್ಟ ಯೋಜನೆಗೆಂದು ಬಂದ ಹಣದ ಲೆಕ್ಕವೇ ಬೇರೆ. ಅದಕ್ಕೆ ಬಳಕೆ ಪ್ರಮಾಣಪತ್ರ ಕೊಡಬೇಕು, ಮಿಕ್ಕಿದ್ದನ್ನು ಹಿಂದಿರುಗಿಸಬೇಕು.

ಅನುದಾನ ಎಂದರೆ ಸಮುದಾಯ ಭವನ ಎಂದುಕೊಂಡವರಿಗೆ ನಮ್ಮ ನಾಡಿನದೇ ಒಂದು ಉದಾಹರಣೆ ಇದೆ. ಟಿಬೆಟ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಹುಟ್ಟಿದ ಮೈರಾಡ ಸಂಸ್ಥೆ, ಎಂಬತ್ತರ ದಶಕದ ನಡುವೆ ತಾನು ಬೆಳೆಸಿದ ಸಹಕಾರ ಸಂಘಗಳು ಒಡೆದಾಗ, ಸದಸ್ಯರು ತಾವಾಗಿಯೇ ಪುಟ್ಟ ಗುಂಪುಗಳಾಗಿ ಉಳಿದದ್ದನ್ನು ಗಮನಿಸಿತು. ಆ ಗುಂಪುಗಳ ಪ್ರಯೋಗಕ್ಕೆ 1987ರಲ್ಲಿ ನಬಾರ್ಡ್ ಕೊಟ್ಟದ್ದು 10 ಲಕ್ಷ ರೂಪಾಯಿ. 1992ರಲ್ಲಿ ನಬಾರ್ಡ್ ಇಂಥ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ದೇಶದ ಮಟ್ಟದಲ್ಲಿ ಶುರುಮಾಡಿತು. ಆ ದುಡ್ಡಿನಲ್ಲಿ ಭವನ ಕಟ್ಟಿದ್ದರೆ ಇಷ್ಟೊತ್ತಿಗೆ ಅದರ ಮಾಳಿಗೆ ಸೋರುತ್ತಿತ್ತು.

ಇಂಗ್ಲಿಷ್ ಬಾರದವರಿಗೆ ಏನೂ ಸಿಗುವುದಿಲ್ಲ ಎಂಬುದು ಅರ್ಧ ಸತ್ಯ. ದೊಡ್ಡ ಕಂಪನಿಗಳ ನಮೂನೆಗಳು ಇಂಗ್ಲಿಷಿನಲ್ಲೇ ಇರುತ್ತವೆ, ಒಪ್ಪಿದೆ. ಆದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ ಸಂಸ್ಥೆಗಳಿಗೆ ಕೊಡುವ ಧನಸಹಾಯಕ್ಕೆ ಕನ್ನಡ ಸಾಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಭಾರತೀಯ ಭಾಷೆಗಳಲ್ಲೂ ಪ್ರಸ್ತಾವ ಸ್ವೀಕರಿಸುತ್ತದೆ. ಅದರ ‘ಕಲಿ ಕಲಿಸು’ ಯೋಜನೆಯಲ್ಲಿ ನಮ್ಮ ಸರ್ಕಾರಿ ಶಾಲೆಗಳ ಶಿಕ್ಷಕರೇ ಅನುದಾನ ಪಡೆದಿದ್ದಾರೆ.

ಕೊನೆಗೆ ಮಧ್ಯವರ್ತಿಗಳ ಮಾತು. ಹತ್ತು ಪರ್ಸೆಂಟ್ ಕಮಿಷನ್ ಮೊದಲೇ ಕೊಟ್ಟರೆ ಕೋಟಿ ಕೊಡಿಸುತ್ತೇನೆ ಎಂದು ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿಬಿಡಿ. ಕೇಂದ್ರದ ಅನುದಾನಕ್ಕೆ ಬೇಕಾಗುವ ನೀತಿ ಆಯೋಗದ ಎನ್‌ಜಿಒ ದರ್ಪಣ್ ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ಸಿಎಸ್ಆರ್-1 ನಮೂನೆಗೂ ಇಲ್ಲ. ಅದಕ್ಕೆ ಸಹಿ ಹಾಕುವ ಲೆಕ್ಕಪರಿಶೋಧಕರಿಗೆ ಅವರ ಫೀಸು ಕೊಟ್ಟರೆ ಸಾಕು.