ಬಾಯಿ ತೆರೆಯಲಾಗದ ವಕೀಲ

ಕೋರ್ಟ್ ಮಾರ್ಷಲ್ ಎಂದೊಡನೆ ಕಣ್ಣ ಮುಂದೆ ಬರುವುದು ಸಿನಿಮಾದ ಸಭಾಂಗಣ, ಪದಕ ಧರಿಸಿದ ಅಧಿಕಾರಿಗಳು, ಬಿರುಸಿನ ವಾದ. 1950ರ ಸೇನಾ ಕಾಯ್ದೆಯ ಜನರಲ್ ಕೋರ್ಟ್ ಮಾರ್ಷಲ್ ಹೆಚ್ಚುಕಡಿಮೆ ಹಾಗೆಯೇ ನಡೆಯುತ್ತದೆ: ಕನಿಷ್ಠ ಐವರು ಅಧಿಕಾರಿಗಳು, ಕಾನೂನು ತಿಳಿಸಿಕೊಡಲು ಒಬ್ಬ ಜಡ್ಜ್ ಅಡ್ವೊಕೇಟ್, ಆರೋಪಿಯ ಪರ ಡಿಫೆಂಡಿಂಗ್ ಆಫೀಸರ್, ನಿಯಮದಂತೆ ವಕೀಲರಿಗೂ ಅವಕಾಶ. ಆದರೆ ನಮ್ಮ ಸೇನಾ ನ್ಯಾಯದ ಗಟ್ಟಿತನವನ್ನು ಅಳೆಯಬೇಕಾದದ್ದು ಅಲ್ಲಲ್ಲ, ಸಮ್ಮರಿ ಕೋರ್ಟ್ ಮಾರ್ಷಲ್‌ನಲ್ಲಿ. ಅಧಿಕಾರಿಗಳನ್ನಾಗಲಿ ಜೂನಿಯರ್ ಕಮಿಷನ್ಡ್ ಆಫೀಸರ್‌ಗಳನ್ನಾಗಲಿ (ಜೆಸಿಒ) ಇದು ವಿಚಾರಿಸುವಂತಿಲ್ಲ. ಇದರೆದುರು ನಿಲ್ಲುವವರು ಜವಾನರು, ಹವಾಲ್ದಾರರು. ಇಲ್ಲಿ ನ್ಯಾಯಾಲಯವೆಂದರೆ ಕಮಾಂಡಿಂಗ್ ಆಫೀಸರ್ ಒಬ್ಬರೇ. ಇನ್ನಿಬ್ಬರು ಹಾಜರಿರಬೇಕು, ನಿಜ. ಆದರೆ ಅವರಿಗೆ ಪ್ರಮಾಣವಚನವೂ ಇಲ್ಲ, ಮತವೂ ಇಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ ಒಂದು ವರ್ಷದ ಜೈಲು ವಿಧಿಸಬಹುದು, ನೌಕರಿಯಿಂದ ವಜಾ ಮಾಡಬಹುದು. ಇಷ್ಟು ಅಧಿಕಾರದ ಎದುರು ಆರೋಪಿಗೆ ಸಿಗುವ ನೆರವೆಷ್ಟು? 1954ರ ಸೇನಾ ನಿಯಮಗಳ 129ನೇ ನಿಯಮದಂತೆ ಒಬ್ಬ 'ಸ್ನೇಹಿತ'. ಆತ ವಕೀಲನೇ ಆಗಿದ್ದರೂ ಕಿವಿಯಲ್ಲಿ ಸಲಹೆ ಕೊಡಬಹುದು, ಕೇಳಬೇಕಾದ ಪ್ರಶ್ನೆ ಸೂಚಿಸಬಹುದು, ಅಷ್ಟೇ. ಸಾಕ್ಷಿಯನ್ನು ತಾನೇ ಪ್ರಶ್ನಿಸುವಂತಿಲ್ಲ, ಕೋರ್ಟನ್ನು ಉದ್ದೇಶಿಸಿ ಮಾತಾಡುವಂತಿಲ್ಲ.

ಇದರಿಂದ ಏನಾಗಬಹುದೆಂಬುದಕ್ಕೆ 1987ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಸಿಗ್ನಲ್‌ಮನ್ ರಂಜಿತ್ ಠಾಕೂರ್ ಪ್ರಕರಣವಿದೆ. ಕಮಾಂಡಿಂಗ್ ಆಫೀಸರ್ ವಿರುದ್ಧ ನೇರವಾಗಿ ಮೇಲಧಿಕಾರಿಗೆ ದೂರು ಬರೆದದ್ದಕ್ಕೆ ಆತನಿಗೆ 28 ದಿನಗಳ ಶಿಕ್ಷೆಯಾಗಿತ್ತು. ಅದನ್ನು ಅನುಭವಿಸುತ್ತಿರುವಾಗಲೇ ಊಟ ಮಾಡು ಎಂಬ ಆದೇಶ ಪಾಲಿಸಲಿಲ್ಲವೆಂದು ಸಮ್ಮರಿ ಕೋರ್ಟ್ ಮಾರ್ಷಲ್. ಫಲ, ಒಂದು ವರ್ಷದ ಕಠಿಣ ಸಜೆ ಮತ್ತು ವಜಾ. ದೂರಿಗೆ ಗುರಿಯಾದ ಅಧಿಕಾರಿಯೇ ವಿಚಾರಣೆಯಲ್ಲೂ ಇದ್ದರು. ಇವರ ಮುಂದೆ ವಿಚಾರಣೆಗೆ ಆಕ್ಷೇಪವಿದೆಯೇ ಎಂದು ಆರೋಪಿಯನ್ನು ಕೇಳಿರಲಿಲ್ಲ. ಪಕ್ಷಪಾತದ ಸಂಭವ, ತಪ್ಪಿಗೆ ಮೀರಿದ ಶಿಕ್ಷೆ ಎರಡನ್ನೂ ಎತ್ತಿ ಹೇಳಿ ಸುಪ್ರೀಂ ಕೋರ್ಟ್ ಇಡೀ ಕಲಾಪವನ್ನೇ ರದ್ದುಮಾಡಿತು. ಆ ಕೋಣೆಯಲ್ಲಿ ಆಕ್ಷೇಪ ಎತ್ತುವ ಹಕ್ಕುಳ್ಳ ಒಬ್ಬನಿದ್ದಿದ್ದರೆ ವಿಷಯ ದೆಹಲಿಯವರೆಗೆ ಹೋಗಬೇಕಿರಲಿಲ್ಲವೇನೋ.

ರಣರಂಗದಲ್ಲಿ ವಾದ-ವಿವಾದಕ್ಕೆ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಹಳೆಯದು, ತೂಕದ್ದೂ ಹೌದು. ಶಿಸ್ತು ಸಡಿಲವಾದರೆ ಪ್ರಾಣ ಹೋಗುವುದು ಪಕ್ಕದವನದ್ದು. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂಸತ್ತಿಗೆ ಅಧಿಕಾರ ಕೊಟ್ಟದ್ದೂ ಇದಕ್ಕೇ. ಆದರೆ ಕಾರ್ಯಾಚರಣೆಯ ತುರ್ತಿಗೆಂದೇ ಮೂವರು ಅಧಿಕಾರಿಗಳ ಸಮ್ಮರಿ ಜನರಲ್ ಕೋರ್ಟ್ ಮಾರ್ಷಲ್ ಇದೆ. ವಾಯುಪಡೆಯ ಕಾಯ್ದೆಯಲ್ಲಂತೂ ಒಬ್ಬರೇ ಕೂರುವ ಈ ಕೋರ್ಟ್ ಇಲ್ಲವೇ ಇಲ್ಲ. ವಾಯುಪಡೆಯ ಶಿಸ್ತು ಕೆಟ್ಟಿದೆ ಎಂದು ಯಾರೂ ಹೇಳಿದ್ದಿಲ್ಲ. ಸಮ್ಮರಿ ಕೋರ್ಟ್ ಮಾರ್ಷಲ್ ಅಪವಾದವಾಗಿರಬೇಕು, ರೂಢಿಯಾಗಬಾರದು ಎಂದು 2016ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

2009ರಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆಯಲ್ಲ ಎಂಬುದು ಇನ್ನೊಂದು ಉತ್ತರ. ಅದು ದೊಡ್ಡ ಹೆಜ್ಜೆಯೇ. ಕರ್ನಾಟಕದ ಸೈನಿಕರು ಕೊಚ್ಚಿ ಪೀಠಕ್ಕೆ ಹೋಗುತ್ತಾರೆ. ಆದರೆ ಸಮ್ಮರಿ ಕೋರ್ಟ್ ಮಾರ್ಷಲ್ ವಿಷಯದಲ್ಲಿ ಅದರ ಬಾಗಿಲು ತೆರೆಯುವುದು ವಜಾ ಆದರೆ ಅಥವಾ ಸಜೆ ಮೂರು ತಿಂಗಳು ಮೀರಿದರೆ ಮಾತ್ರ. ಮೇಲಾಗಿ ಮೇಲ್ಮನವಿಯವರು ನೋಡುವುದು ಕೆಳಗೆ ಬರೆದಿಟ್ಟ ದಾಖಲೆಯನ್ನು. ಪಾಟೀ ಸವಾಲೇ ಸರಿಯಾಗಿ ನಡೆಯದ ಕಡೆ ಆ ದಾಖಲೆಯಲ್ಲಿ ಏನಿರುತ್ತದೆ? 129ನೇ ನಿಯಮದ ಆ ನಿರ್ಬಂಧ ತೆಗೆಯಲು ಸಂಸತ್ತೂ ಬೇಕಿಲ್ಲ. ಈ ನಿಯಮಗಳನ್ನು ರೂಪಿಸುವ ಅಧಿಕಾರವನ್ನು ಕಾಯ್ದೆಯ 191ನೇ ಸೆಕ್ಷನ್ ಕೇಂದ್ರ ಸರ್ಕಾರಕ್ಕೇ ಕೊಟ್ಟಿದೆ.